ಮೇಜಿನ ಇಸ್ಪೀಟು, ಕಿಸೆಯ ಇಸ್ಪೀಟು

“ಎಲೆಗಳು ಅವೇ 52. ಆಡುವ ಕ್ರಮವೂ ಅದೇ. ಗೋವೆಯ ಹಡಗಿನಲ್ಲಿ ಸಾಹುಕಾರರು ಆಡಿದರೆ ಮೋಜು, ನಮ್ಮ ಹುಡುಗರು ಮೊಬೈಲಿನಲ್ಲಿ ಆಡಿದರೆ ಜೂಜು! ಇದೆಂತಹ ನ್ಯಾಯ?” ಎಂಬ ಪ್ರಶ್ನೆ ಈಚೆಗೆ ನಮ್ಮ ಹೊಟೇಲು ಬಂಧುಗಳ ನಡುವೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಪ್ರಶ್ನೆ ನ್ಯಾಯವಾದದ್ದೇ. ಕೇಳಿದವರನ್ನು ಗದರಿಸಿ ಬಾಯಿ ಮುಚ್ಚಿಸುವುದು ಸಂಘದ ಪತ್ರಿಕೆಗೆ ಒಪ್ಪುವ ಕೆಲಸವಲ್ಲ. ಹಾಗೆಂದು ಕೇಳದವರಂತೆ ಸುಮ್ಮನಿರುವುದೂ ಸರಿಯಲ್ಲ. ಏಕೆಂದರೆ ಪೋಕರ್ ಎಂಬ ಈ ಆಟ ಕ್ಯಾಸಿನೊದ ಹಸಿರು ಮೇಜಿನಿಂದ ಇಳಿದು ನಮ್ಮ ಖೋಲಿಗಳ ಚಾಪೆಯ ಮೇಲೆ ಬಂದು ಕುಳಿತಿದೆ. ಹಗಲಿಡೀ ತಟ್ಟೆ ಹೊತ್ತ ಕೈ ರಾತ್ರಿ ಅದನ್ನು ಆಡುತ್ತಿದೆ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಎಲೆ ಒಂದೇ, ಆಟ ಬೇರೆ. ಕ್ಯಾಸಿನೊ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಆದರೆ ಕ್ಯಾಸಿನೊದ ಆಟಕ್ಕೆ ಗೋಡೆಗಳಿವೆ, ಬಾಗಿಲಿದೆ, ಎದುರಿಗೆ ಮುಖಗಳಿವೆ. ಮೊಬೈಲಿನ ಆಟ ಈ ಮೂರನ್ನೂ ತೆಗೆದುಹಾಕಿದೆ. ದುಡಿಯುವವನನ್ನು ಕಾಯುತ್ತಿದ್ದದ್ದು ಈ ಮೂರೇ.

2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಇಂತಹ ಆಟ ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಸೆರೆ, 50 ಲಕ್ಷದವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ, ಅವನನ್ನು ನೊಂದವನೆಂದೇ ಕಾಯ್ದೆ ಎಣಿಸಿದೆ. ದೇಶದ ದೊಡ್ಡ ಕಂಪನಿಗಳು ಕೂಡಲೇ ಹಣದ ಮೇಜುಗಳನ್ನು ಎತ್ತಿದವು. “ಇನ್ನೇನು, ಭೂತ ಬಿಟ್ಟಿತು” ಎಂದು ಕೆಲವರು ನಿಟ್ಟುಸಿರು ಬಿಟ್ಟರು. ಆದರೆ ಸಮುದ್ರದಾಚೆ ಕಚೇರಿ ಇಟ್ಟುಕೊಂಡ ಮೇಜುಗಳು ನಮ್ಮ ಸರಕಾರದ ಅಪ್ಪಣೆ ಕೇಳಿ ತೆರೆದವುಗಳಲ್ಲ. ಒಂದನ್ನು ಮುಚ್ಚಿದರೆ ಹೆಸರು ಬದಲಿಸಿ ಇನ್ನೊಂದು ಬರುತ್ತದೆ. ಆದುದರಿಂದ ಕಾಯ್ದೆ ಬಂದ ಮೇಲೂ ಈ ಆಟದ ಒಳಗುಟ್ಟನ್ನು ನಾವು ಅರಿಯಬೇಕಾಗಿದೆ.

ಗೋಡೆ ಎಲ್ಲಿದೆ?

ಪೋಕರ್ ಎಂದರೆ ಏನೆಂದು ತಿಳಿಯದವರಿಗೆ ಎರಡು ಮಾತು. ನಮ್ಮ ಮೂರೆಲೆ ಆಟದ ದೂರದ ನೆಂಟ ಇದು. ಹೆಚ್ಚಾಗಿ ಆಡುವ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಮೇಜಿನ ನಡುವೆ ಐದು ಎಲೆಗಳನ್ನು ಹಂತಹಂತವಾಗಿ ತೆರೆಯುತ್ತಾರೆ. ನಡುನಡುವೆ ನಾಲ್ಕು ಬಾರಿ ಪಣ ಏರುತ್ತದೆ. ಒಟ್ಟು ಏಳರಲ್ಲಿ ಒಳ್ಳೆಯ ಐದು ಎಲೆ ಯಾರದೋ ಅವನಿಗೆ ನಡುವಿನ ಹಣ. ಕೆಟ್ಟ ಎಲೆ ಹಿಡಿದವನೂ ಧೈರ್ಯದಿಂದ ಪಣ ಏರಿಸಿ ಉಳಿದವರೆಲ್ಲ ಪ್ಯಾಕ್ ಮಾಡುವಂತೆ ಮಾಡಿ ಗೆಲ್ಲಬಹುದು. ಆಟದ ರುಚಿ ಇರುವುದು ಇಲ್ಲಿ, ಅಪಾಯವೂ ಇಲ್ಲೇ.

ಈಗ ಕ್ಯಾಸಿನೊಗೆ ಹೋಗುವ ದಾರಿಯನ್ನು ನೋಡಿರಿ. ಮುಂಬಯಿಯಲ್ಲಿ ಕ್ಯಾಸಿನೊ ಇಲ್ಲ. ಮಹಾರಾಷ್ಟ್ರದಲ್ಲಿ 1976ರಲ್ಲಿ ಅದಕ್ಕಾಗಿ ಒಂದು ಕಾಯ್ದೆ ಮಾಡಿದ್ದರು. ಅದು ಎಂದೂ ಜಾರಿಗೆ ಬರಲೇ ಇಲ್ಲ, 2023ರಲ್ಲಿ ಅದನ್ನು ರದ್ದುಪಡಿಸಿದರು. ಆಡಲೇಬೇಕೆಂದರೆ ಗೋವೆಗೋ ಸಿಕ್ಕಿಂಗೋ ಹೋಗಬೇಕು. ಪಣಜಿಯ ಮಾಂಡವಿ ನದಿಯಲ್ಲಿ ನಿಂತ ಹಡಗಿಗೆ ಹೋಗುವವನು ರಜೆ ಕೇಳಬೇಕು, ಟಿಕೀಟು ತೆಗೆಯಬೇಕು, ಒಳ್ಳೆಯ ಬಟ್ಟೆ ತೊಡಬೇಕು, ಪ್ರವೇಶ ಧನ ತೆರಬೇಕು, 21 ವರ್ಷ ತುಂಬಿದೆಯೆಂದು ಗುರುತಿನ ಚೀಟಿ ತೋರಿಸಬೇಕು. ನೋಟು ಕೊಟ್ಟು ಬಿಲ್ಲೆ ಪಡೆಯಬೇಕು. ಪೋಕರ್ ಮೇಜಿನಲ್ಲಿ ಕೂರಲು ಸಾವಿರಗಳಲ್ಲೇ ಮಾತು. ತಿಂಗಳಿಗೆ ಹದಿನೈದು ಇಪ್ಪತ್ತು ಸಾವಿರ ಗಳಿಸುವ ಸಪ್ಲಾಯರನಿಗೆ ಈ ಹಾದಿಯಲ್ಲಿ ಹತ್ತು ಕಡೆ ತಡೆ. ಪ್ರತಿಯೊಂದು ತಡೆಯಲ್ಲೂ ಅವನ ಬುದ್ಧಿ “ಬೇಡವೋ” ಎಂದು ಹೇಳಲು ಒಂದು ಅವಕಾಶ. ಮರಳಿ ಬರುವಾಗಲೂ ಹಾಗೆಯೇ. ಹಣ ಮುಗಿದರೆ ಎದ್ದು ನಡೆಯಬೇಕು; ಹೊರಗಿನ ಗಾಳಿ ಮುಖಕ್ಕೆ ತಗಲಿದಾಗ ಸೋತ ಮೊತ್ತ ಎಷ್ಟೆಂದು ತಾನೇ ನೆನಪಾಗುತ್ತದೆ.

ಮೊಬೈಲಿನಲ್ಲಿ ಈ ಹತ್ತು ತಡೆಗಳಲ್ಲಿ ಒಂದೂ ಇಲ್ಲ. ಐದು ರೂಪಾಯಿಗೂ ಮೇಜು ತೆರೆದಿರುತ್ತದೆ. ಮಲಗಿದಲ್ಲೇ ಆಡಬಹುದು. ಪಕ್ಕದಲ್ಲಿ ಮಲಗಿದ ಊರಿನವನಿಗೂ ತಿಳಿಯುವುದಿಲ್ಲ. ಹಣ ಮುಗಿದರೆ ಬೆರಳೊತ್ತಿದರೆ ಬ್ಯಾಂಕಿನಿಂದ ಬರುತ್ತದೆ. ಬ್ಯಾಂಕು ಬರಿದಾದರೆ ಸಾಲ ಕೊಡುವ ಇನ್ನೊಂದು ಆ್ಯಪ್ ಅದೇ ಪರದೆಯ ಮೇಲೆ ಕಾದಿರುತ್ತದೆ. ಇಸ್ಪೀಟಿನ ಅಡ್ಡೆ, ಬ್ಯಾಂಕು, ಬಡ್ಡಿ ಸಾಹುಕಾರ ಮೂವರೂ ಒಂದೇ ಅಂಗೈಯಲ್ಲಿ! ಹಿಂದಿನ ಕಾಲದಲ್ಲಿ ಸಂಬಳದ ದಿನ ಗಿರಣಿಯ ಗೇಟಿನಲ್ಲಿ ನಿಲ್ಲುತ್ತಿದ್ದ ಪಠಾಣನಿಂದ ತಪ್ಪಿಸಿಕೊಳ್ಳಲು ಬೇರೆ ಗೇಟಾದರೂ ಇತ್ತು.

ವೇಗದ ಲೆಕ್ಕ

ಎರಡನೆಯ ವ್ಯತ್ಯಾಸ ವೇಗ. ಇದನ್ನು ನಮ್ಮವರು ಗಮನಿಸಿಯೇ ಇಲ್ಲ. ನಿಜವಾದ ಕತ್ತರಿ ಇರುವುದು ಇಲ್ಲಿಯೇ.

ಕ್ಯಾಸಿನೊದಲ್ಲಿ ಮನುಷ್ಯನೊಬ್ಬ ಎಲೆ ಕಲಸಿ ಹಂಚುತ್ತಾನೆ. ಬಿಲ್ಲೆ ಎಣಿಸಬೇಕು, ಯಾರೋ ಯೋಚಿಸುತ್ತಾ ಕೂರುತ್ತಾರೆ, ಯಾರೋ ಚಹಾ ತರಿಸುತ್ತಾರೆ. ಒಂಬತ್ತು ಜನರ ಮೇಜಿನಲ್ಲಿ ತಾಸಿಗೆ 25ರಿಂದ 30 ಆಟವಾದರೆ ಹೆಚ್ಚು. ಮೊಬೈಲಿನಲ್ಲಿ ಯಂತ್ರವೇ ಎಲೆ ಹಂಚುತ್ತದೆ. ಯೋಚಿಸಲು ಇಷ್ಟೇ ಸೆಕೆಂಡು ಎಂದು ಗಡಿಯಾರ ಓಡುತ್ತಿರುತ್ತದೆ. ಆರು ಜನರ ಮೇಜಿನಲ್ಲಿ ತಾಸಿಗೆ 70 ಆಟ ಸಾಮಾನ್ಯ. ಅಷ್ಟೇ ಅಲ್ಲ, ಒಬ್ಬನೇ ಏಕಕಾಲಕ್ಕೆ ನಾಲ್ಕು ಮೇಜುಗಳಲ್ಲಿ ಕೂರಬಹುದು. ಆಗ ತಾಸಿಗೆ 280 ಆಟ. ಕ್ಯಾಸಿನೊದಲ್ಲಿ ಹತ್ತು ತಾಸು ಕುಳಿತು ಆಡುವಷ್ಟನ್ನು ಇಲ್ಲಿ ಒಂದು ತಾಸಿನಲ್ಲಿ ಮುಗಿಸಬಹುದು.

ಇದರಿಂದೇನಾಯಿತು ಎನ್ನುವಿರಾ? ಆಟದ ಯಜಮಾನ ಪ್ರತಿ ಆಟದಿಂದಲೂ ತನ್ನ ಪಾಲು ತೆಗೆದುಕೊಳ್ಳುತ್ತಾನೆ ಎಂಬುದನ್ನು ಮರೆಯಬೇಡಿ. ಪೋಕರಿನಲ್ಲಿ ಯಜಮಾನ ಆಡುವುದಿಲ್ಲ. ಆಡುವವರು ಒಬ್ಬರ ಹಣವನ್ನು ಒಬ್ಬರು ಗೆಲ್ಲುತ್ತಾರೆ. ಅವನು ನಡುವಿನ ಹಣದಲ್ಲಿ ನೂರಕ್ಕೆ ಐದರಂತೆ, ಅಥವಾ ಅದರ ಆಸುಪಾಸಿನಲ್ಲಿ, ಕಮಿಷನ್ ಎತ್ತುತ್ತಾನೆ. ತಿಳಿಯಲೆಂದು ಒಂದು ಲೆಕ್ಕ ಹಾಕೋಣ. ಸಣ್ಣ ಮೇಜು, ಪ್ರತಿ ಆಟದಲ್ಲಿ ನಡುವೆ ಸೇರುವ ಹಣ ಸರಾಸರಿ 100 ರೂಪಾಯಿ, ಯಜಮಾನನ ಪಾಲು 5 ರೂಪಾಯಿ. ತಾಸಿಗೆ 28 ಆಟ, ಒಂಬತ್ತು ಜನ ಎಂದರೆ ಮೇಜಿನಿಂದ ಹೋಗುವುದು 140 ರೂಪಾಯಿ, ತಲೆಗೆ ಸುಮಾರು 15. ಅದೇ ಪಣ ಮೊಬೈಲಿನಲ್ಲಿ: ತಾಸಿಗೆ 70 ಆಟ, ಆರು ಜನ. ಮೇಜಿನಿಂದ ಹೋಗುವುದು 350 ರೂಪಾಯಿ, ತಲೆಗೆ ಸುಮಾರು 58. ದಿನಕ್ಕೆ ನಾಲ್ಕು ತಾಸಿನಂತೆ 26 ರಾತ್ರಿ ಆಡಿದರೆ ತಲೆಗೆ ಸುಮಾರು 6,000 ರೂಪಾಯಿ ಬರಿಯ ಕಮಿಷನಿಗೇ ಹೋಯಿತು. ನೀವು ಸೋಲಲೂ ಇಲ್ಲ, ಗೆಲ್ಲಲೂ ಇಲ್ಲ, ಸಮಸಮ ಆಡಿದಿರಿ ಎಂದುಕೊಳ್ಳಿ. ಆದರೂ ಊರಿಗೆ ಕಳಿಸಬೇಕಾದ ಹಣ ಮಾಯವಾಯಿತು. ಇದು ದುರದೃಷ್ಟವಲ್ಲ, ಬರಿಯ ಗುಣಾಕಾರ.

ಇದರ ಮೇಲೆ ತೆರಿಗೆ ಬೇರೆ. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಹಣದ ಆಟಕ್ಕೆ ಕಟ್ಟುವ ಪೂರ್ತಿ ಮೊತ್ತದ ಮೇಲೆ 28 ಪ್ರತಿಶತ ಜಿ.ಎಸ್.ಟಿ. ಹಾಕಿದರು. ಎಂದರೆ 100 ರೂಪಾಯಿ ಹಾಕಿದರೆ ಅದರಲ್ಲಿ ಸುಮಾರು 22 ರೂಪಾಯಿ ತೆರಿಗೆಯ ಲೆಕ್ಕ. ಅದೇ ವರ್ಷದ ಏಪ್ರಿಲ್ 1ರಿಂದ ಗೆದ್ದ ನಿವ್ವಳ ಹಣದಲ್ಲಿ 30 ಪ್ರತಿಶತ ತೆರಿಗೆಯನ್ನು ಮೊದಲೇ ಮುರಿದುಕೊಳ್ಳುವ ನಿಯಮವೂ ಬಂತು. ಈ ಹೊರೆ ಆಡುವವನಿಗೆ ಕಾಣಬಾರದೆಂದು ಕಂಪನಿಗಳು “ಬೋನಸ್” ಎಂಬ ಹೆಸರಿನಲ್ಲಿ ಸಕ್ಕರೆ ಲೇಪಿಸಿದವು. ನಮ್ಮ ಹುಡುಗರಿಗೆ ಬೋನಸ್ ಎಂದರೆ ದೀಪಾವಳಿಗೆ ಸಂಘ ಹೋರಾಡಿ ಪಡೆಯುವ ಹಕ್ಕು. ಆ ಪವಿತ್ರ ಶಬ್ದವನ್ನೂ ಇವರು ಗಾಳಕ್ಕೆ ಸಿಕ್ಕಿಸಿದರು.

ಎದುರಿಗಿರುವವನು ಯಾರು?

ಮೂರನೆಯ ವ್ಯತ್ಯಾಸ ಎದುರಾಳಿಯದು. ಕ್ಯಾಸಿನೊದ ಮೇಜಿನಲ್ಲಿ ಎದುರಿಗೆ ಮನುಷ್ಯನಿರುತ್ತಾನೆ. ಅವನ ಬೆರಳು ನಡುಗುತ್ತದೆ, ಗಂಟಲು ಒಣಗುತ್ತದೆ, ಬಿಲ್ಲೆ ಹಿಡಿಯುವ ರೀತಿ ಬದಲಾಗುತ್ತದೆ. ಅನುಭವಸ್ಥರು ಇದನ್ನೆಲ್ಲ ಓದುತ್ತಾರೆ. ಹೊಟೇಲಿನಲ್ಲಿ ಗಿರಾಕಿಯ ಮುಖ ನೋಡಿಯೇ ಇವನು ಬಿಲ್ಲು ಕೊಡುವವನೋ ತಕರಾರು ಮಾಡುವವನೋ ಎಂದು ತಿಳಿಯಬಲ್ಲ ನಮ್ಮ ಸಪ್ಲಾಯರರಿಗೆ ಈ ವಿದ್ಯೆ ಹೊಸದಲ್ಲ. ಆದರೆ ಮೊಬೈಲಿನಲ್ಲಿ ಮುಖವೇ ಇಲ್ಲ. ಒಂದು ಚಿತ್ರ, ಒಂದು ಅಡ್ಡಹೆಸರು, ಅಷ್ಟೇ. ಓದಲು ಉಳಿದದ್ದು ಎರಡೇ: ಎಷ್ಟು ಪಣ ಒಡ್ಡಿದ, ಎಷ್ಟು ಹೊತ್ತು ತೆಗೆದುಕೊಂಡ. ಇದನ್ನು ಓದುವುದರಲ್ಲಿ ಪಳಗಿದವರು ಬೇರೆಯೇ ಇದ್ದಾರೆ. ಅವರ ಯಂತ್ರದಲ್ಲಿ ಪ್ರತಿ ಎದುರಾಳಿಯ ಸಾವಿರಾರು ಆಟಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಇರುತ್ತದೆ. ನೀವು ಎಷ್ಟು ಸಲ ಹೆದರಿ ಪ್ಯಾಕ್ ಮಾಡುತ್ತೀರಿ ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಎದುರಿಗಿರುವುದು ಮನುಷ್ಯನೇ ಎಂಬ ಭರವಸೆಯೂ ಇಲ್ಲ. 2017ರ ಜನವರಿಯಲ್ಲಿ ಅಮೇರಿಕೆಯ ಪಿಟ್ಸ್‌ಬರ್ಗಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ರಚಿಸಿದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮ, ನಾಲ್ವರು ವೃತ್ತಿಪರ ಆಟಗಾರರನ್ನು 20 ದಿನಗಳಲ್ಲಿ 1,20,000 ಆಟಗಳಲ್ಲಿ ಸೋಲಿಸಿತು. 2019ರಲ್ಲಿ ಅದರ ತಮ್ಮನಾದ ಪ್ಲುರಿಬಸ್ ಆರು ಜನರ ಮೇಜಿನಲ್ಲೂ ಗೆದ್ದಿತು. ಜಗತ್ತಿನ ಪಳಗಿದ ಆಟಗಾರರೇ ಯಂತ್ರಕ್ಕೆ ಸೋತಿರುವಾಗ, ಅಂತಹ ಯಂತ್ರದ ಮರಿಯೊಂದು ಅಡ್ಡಹೆಸರಿನ ಹಿಂದೆ ಅಡಗಿದ್ದರೆ ನಮ್ಮವನು ಮಾಡುವುದೇನು? ಇನ್ನು ಇಬ್ಬರು ಗೆಳೆಯರು ಬೇರೆ ಬೇರೆ ಹೆಸರಿನಲ್ಲಿ ಒಂದೇ ಮೇಜಿಗೆ ಬಂದು, ತಮ್ಮ ಎಲೆಗಳನ್ನು ಫೋನಿನಲ್ಲಿ ಹೇಳಿಕೊಳ್ಳುತ್ತ ಮೂರನೆಯವನನ್ನು ಸುಲಿಯುವುದಂತೂ ಸುಲಭ. ಕ್ಯಾಸಿನೊದ ಮೇಜಿನಲ್ಲಿ ಕಣ್ಸನ್ನೆ ಮಾಡಿದರೂ ಕಾಣುವ ಜನರಿದ್ದಾರೆ, ಮೇಲೆ ಕ್ಯಾಮರಾ ಇದೆ.

ಯಕ್ಷಗಾನ ಕಂಡವರಿಗೆ ಈ ಮಾತು ಹೊಸದಲ್ಲ. ಕೌರವರ ಸಭೆಯಲ್ಲಿ ಪಣ ಒಡ್ಡಿದವನು ದುರ್ಯೋಧನ, ದಾಳ ಹಾಕಿದವನು ಶಕುನಿ. ಆದರೆ ಅಲ್ಲಿ ಶಕುನಿ ಕಣ್ಣೆದುರಿಗೇ ಕುಳಿತಿದ್ದ; ತುಂಬಿದ ಸಭೆ ನೋಡುತ್ತಿತ್ತು. ಆದರೂ ಧರ್ಮರಾಯ ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ದ್ರೌಪದಿಯನ್ನೂ ಸೋತ. ಶಕುನಿ ಎಲ್ಲಿದ್ದಾನೆಂದೇ ಕಾಣದ ಈ ಸಭೆಯಲ್ಲಿ ಗೆಲ್ಲುವೆನೆಂದು ಹೊರಟವನ ಧೈರ್ಯಕ್ಕೆ ಏನೆನ್ನೋಣ!

ಎಲೆ ಕಲಸುವವನು, ಹಣ ಹಿಡಿದವನು

ಕ್ಯಾಸಿನೊದಲ್ಲಿ ಎಲೆ ಕಲಸುವುದು ಎಲ್ಲರ ಕಣ್ಣೆದುರಿಗೆ. ಮೊಬೈಲಿನಲ್ಲಿ ಕಲಸುವುದು ಎಲ್ಲೋ ದೂರದ ಯಂತ್ರ. ಅದು ಎಂದೂ ಮೋಸವೆಂದು ನಾವು ಹೇಳುವುದಿಲ್ಲ. ಒಳ್ಳೆಯ ಯಂತ್ರ ಮನುಷ್ಯನ ಕೈಗಿಂತ ಚೆನ್ನಾಗಿಯೇ ಕಲಸಬಲ್ಲುದು. ಆದರೆ ನಂಬಿಕೆ ಮುರಿದ ಉದಾಹರಣೆಗಳು ಚರಿತ್ರೆಯಲ್ಲಿವೆ. 1999ರಲ್ಲಿ ಅಮೇರಿಕೆಯ ಕೆಲವು ಕಂಪ್ಯೂಟರ್ ತಜ್ಞರು ಆಗಿನ ಒಂದು ಆನ್‌ಲೈನ್ ಪೋಕರಿನ ಕಲಸುವ ವಿಧಾನವನ್ನು ಪರೀಕ್ಷಿಸಿ, ತೆರೆದ ಕೆಲವು ಎಲೆಗಳಿಂದಲೇ ಉಳಿದವರ ಎಲೆಗಳನ್ನು ಲೆಕ್ಕ ಹಾಕಿ ತೋರಿಸಿದರು. 2007 ಮತ್ತು 2008ರಲ್ಲಿ ಅಬ್ಸಲ್ಯೂಟ್ ಪೋಕರ್, ಅಲ್ಟಿಮೇಟ್‌ಬೆಟ್ ಎಂಬ ಎರಡು ತಾಣಗಳಲ್ಲಿ ಒಳಗಿನವರೇ ಎಲ್ಲರ ಮುಚ್ಚಿದ ಎಲೆಗಳನ್ನು ನೋಡಿ ಆಡಿದ್ದು ಬಯಲಾಯಿತು. ಅದನ್ನು ಮೊದಲು ಹಿಡಿದವರು ಅಧಿಕಾರಿಗಳಲ್ಲ, ಸೋತ ಆಟಗಾರರೇ. ಲೆಕ್ಕ ಇಟ್ಟು ನೋಡಿ ಹಿಡಿದರು.

ಹಣದ ಮಾತೂ ಇದೇ ಬಗೆ. ಕ್ಯಾಸಿನೊದಲ್ಲಿ ಬಿಲ್ಲೆಯನ್ನು ಗಲ್ಲೆಯಲ್ಲಿ ಕೊಟ್ಟರೆ ಆ ರಾತ್ರಿಯೇ ನೋಟು ಕೈಗೆ. ಮೊಬೈಲಿನಲ್ಲಿ ಕಾಣುವುದು ಪರದೆಯ ಮೇಲಿನ ಅಂಕಿ. ಆ ಅಂಕಿಯ ಹಿಂದೆ ನೋಟು ಇದೆಯೋ ಇಲ್ಲವೋ ತಿಳಿಯುವುದು ತೆಗೆಯಹೋದಾಗಲೇ. 2011ರ ಏಪ್ರಿಲ್ 15ರಂದು ಅಮೇರಿಕೆಯ ಸರಕಾರ ಮೂರು ದೊಡ್ಡ ಪೋಕರ್ ತಾಣಗಳ ಮೇಲೆ ಮೊಕದ್ದಮೆ ಹೂಡಿತು. ಅವುಗಳಲ್ಲಿ ಒಂದಾದ ಫುಲ್ ಟಿಲ್ಟ್ ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರು, ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ ಎಂದು ಸರಕಾರ ಆರೋಪಿಸಿತು. ಅಲ್ಲಿಯ ಆಟಗಾರರಿಗೆ ಹಣ ಮರಳಲು ವರ್ಷಗಳೇ ಹಿಡಿದವು. ಅಷ್ಟು ಬಲವಾದ ಕೋರ್ಟು ಕಚೇರಿಗಳಿರುವ ನಾಡಿನ ಗತಿ ಇದು. ಕಾಯ್ದೆಯ ಕಣ್ಣು ತಪ್ಪಿಸಿ ಎಲ್ಲೋ ನಡೆಯುವ ಮೇಜಿನಲ್ಲಿ ಹಣ ಸಿಕ್ಕಿಕೊಂಡರೆ ನಾವು ಯಾವ ಠಾಣೆಗೆ ಹೋಗಿ ಯಾರ ಹೆಸರು ಬರೆಸೋಣ?

ಕೌಶಲ್ಯದ ಆಟವೆಂಬ ವಾದ

“ಇದು ಅದೃಷ್ಟದ ಆಟವಲ್ಲ, ಕೌಶಲ್ಯದ ಆಟ” ಎಂದು ಕಲಿತವರೂ ಹೇಳುತ್ತಾರೆ. ಇದರಲ್ಲಿ ಹುರುಳಿಲ್ಲದಿಲ್ಲ. ರಮ್ಮಿ ಮುಖ್ಯವಾಗಿ ಕೌಶಲ್ಯದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿತು. ಪೋಕರಿನ ವಿಷಯದಲ್ಲಿ ಹೈಕೋರ್ಟುಗಳು ಒಂದೇ ಮಾತಾಡಿಲ್ಲ. ಗುಜರಾತದ ಹೈಕೋರ್ಟು 2017ರಲ್ಲಿ ಅದನ್ನು ಜೂಜೆಂದಿತು. ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರಕಾರ 2021ರಲ್ಲಿ ಮಾಡಿದ ತಿದ್ದುಪಡಿಯನ್ನು ಅಲ್ಲಿಯ ಹೈಕೋರ್ಟು 2022ರ ಫೆಬ್ರವರಿ 14ರಂದು ತಳ್ಳಿಹಾಕಿತು. 2025ರ ಕೇಂದ್ರ ಕಾಯ್ದೆಯಾದರೋ, ಹಣ ಕಟ್ಟಿ ಹಣ ಬಯಸುವ ಆನ್‌ಲೈನ್ ಆಟವಾದರೆ ಕೌಶಲ್ಯವೋ ಅದೃಷ್ಟವೋ ಎಂಬ ಭೇದವನ್ನೇ ಬಿಟ್ಟುಕೊಟ್ಟಿದೆ.

ವಕೀಲರ ವಾದ ವಕೀಲರಿಗೆ ಇರಲಿ. ನಾವು ದುಡಿಯುವವರ ಕಡೆಯಿಂದ ಒಂದೇ ಮಾತು ಕೇಳುತ್ತೇವೆ: ಕೌಶಲ್ಯ ಯಾರದು? ಕೌಶಲ್ಯದ ಆಟವೆಂದರೆ ಕೌಶಲ್ಯವಿಲ್ಲದವನ ಹಣ ಕೌಶಲ್ಯವಿದ್ದವನ ಕಿಸೆಗೆ ಹೋಗುವ ಆಟ ಎಂದೇ ಅಲ್ಲವೇ? ಅಡುಗೆಮನೆಯ ಒಲೆಯೆದುರು ದಿನವಿಡೀ ನಿಂತ ಭಟ್ಟರು, ರಾತ್ರಿ ಪಾಳಿ ಮುಗಿಸಿ ಬಂದ ಮಗ್ಗದವನು, ಕೊನೆಯ ಗಿರಾಕಿ ಹೋಗುವವರೆಗೆ ಕಾದು ನೆಲ ಒರೆಸಿದ ಕ್ಲೀನರ್ ಹುಡುಗ, ಇವರು ರಾತ್ರಿ ಹನ್ನೆರಡಕ್ಕೆ ಕಣ್ಣೆಳೆಯುತ್ತ ಮೇಜಿಗೆ ಬರುತ್ತಾರೆ. ಎದುರಿಗಿರುವವನು ಹಗಲು ನಿದ್ದೆ ಮಾಡಿ, ಲೆಕ್ಕದ ಯಂತ್ರ ತೆರೆದು, ಇಂಥವರಿಗಾಗಿಯೇ ಕಾದಿರುತ್ತಾನೆ. ಅದೃಷ್ಟದ ಆಟವಾಗಿದ್ದರೆ ನಮ್ಮವನಿಗೆ ಸಮಪಾಲು ಆಸೆಯಾದರೂ ಇತ್ತು. ಕೌಶಲ್ಯದ ಆಟವಾದ್ದರಿಂದಲೇ ಅವನು ಸೋಲುವುದು ಹೆಚ್ಚು ಖಚಿತ. ಆ ವಾದ ನಮ್ಮವರ ಪರವಾದುದಲ್ಲ, ವಿರುದ್ಧವಾದುದು.

ಕ್ಯಾಸಿನೊದಲ್ಲಿ ಇಂತಹವನು ನಾಲ್ಕು ಆಟದಲ್ಲೇ ತನ್ನ ಯೋಗ್ಯತೆ ಅರಿಯುತ್ತಾನೆ. ಎದುರಿಗಿರುವವರ ಠೀವಿ ನೋಡಿಯೇ ಅಂಜುತ್ತಾನೆ. ಮೊಬೈಲಿನಲ್ಲಿ ಎಲ್ಲರೂ ಒಂದೇ ಅಳತೆಯ ಚಿತ್ರಗಳು. ಸೋತಾಗ “ಎಲೆ ಬರಲಿಲ್ಲ” ಎಂದು ಸಮಾಧಾನ, ಗೆದ್ದಾಗ “ನನ್ನ ಬುದ್ಧಿ” ಎಂಬ ಹೆಮ್ಮೆ.

ಇನ್ನು ಗೆದ್ದವರ ಕಥೆ. ಅಮೇರಿಕೆಯ ಟೆನೆಸಿಯ ಲೆಕ್ಕಪತ್ರದ ನೌಕರ ಕ್ರಿಸ್ ಮನಿಮೇಕರ್ 2003ರಲ್ಲಿ ಆನ್‌ಲೈನಿನ ಸಣ್ಣ ಪಂದ್ಯದಿಂದ ಆರಿಸಿಬಂದು ಲಾಸ್ ವೇಗಾಸಿನ ವಿಶ್ವ ಪಂದ್ಯದಲ್ಲಿ 25 ಲಕ್ಷ ಡಾಲರು ಗೆದ್ದದ್ದು ನಿಜ. ಅವನ ಹೆಸರು ಕೇಳಿಯೇ ಲಕ್ಷಾಂತರ ಜನ ಆನ್‌ಲೈನ್ ಪೋಕರಿಗೆ ಧುಮುಕಿದರು. ಆ ಪಂದ್ಯದಲ್ಲಿ 839 ಜನ ಆಡಿದರು. ಬಹುಮಾನ ಸಿಕ್ಕಿದ್ದು 63 ಮಂದಿಗೆ. ಬರಿಗೈಯಲ್ಲಿ ಮರಳಿದ 776 ಮಂದಿಯ ಹೆಸರು ಯಾವ ಜಾಹೀರಾತಿನಲ್ಲಾದರೂ ಕಂಡಿದ್ದೀರಾ?

ನ್ಯಾಯಕ್ಕಾಗಿ ಇನ್ನೊಂದು ಮಾತು

ಆನ್‌ಲೈನಿನ ಪರವಾಗಿ ಹೇಳಬೇಕಾದದ್ದನ್ನೂ ಹೇಳೋಣ. ಅಲ್ಲಿ ಹೆಂಡದ ಆಮಿಷವಿಲ್ಲ, ಪ್ರಯಾಣದ ಖರ್ಚಿಲ್ಲ. ಹಣವಿಲ್ಲದೆ ಬರಿಯ ಅಂಕಿಗಳಿಗಾಗಿ ಆಡುವ ಮೇಜುಗಳೂ ಇವೆ; ಅದನ್ನು ನಾವು ಆಕ್ಷೇಪಿಸುವುದಿಲ್ಲ, ಕಾಯ್ದೆಯೂ ಆಕ್ಷೇಪಿಸಿಲ್ಲ. ಮುಖ್ಯವಾಗಿ, ಕೊಟ್ಟ ಪ್ರತಿಯೊಂದು ರೂಪಾಯಿಯ ದಾಖಲೆ ಬ್ಯಾಂಕಿನಲ್ಲಿ ಉಳಿಯುತ್ತದೆ. ಕ್ಯಾಸಿನೊದಲ್ಲಿ ಸೋತ ನೋಟಿಗೆ ರಸೀದಿ ಇಡುವವರಾರು? ಆದರೆ ಆ ದಾಖಲೆಯನ್ನು ತೆರೆದು ನೋಡುವವರು ಬಹಳ ಕಡಿಮೆ. ನೋಡಿದ ದಿನ ಬಹಳ ಮಂದಿ ಆಟ ಬಿಡುತ್ತಾರೆ.

ಮಟ್ಕಾದ ಪಾಠ

ನಿಷೇಧ ಒಂದರಿಂದಲೇ ಜೂಜು ಸಾಯುವುದಿಲ್ಲ ಎಂಬುದಕ್ಕೆ ಮುಂಬಯಿಯೇ ಸಾಕ್ಷಿ. ನ್ಯೂಯಾರ್ಕಿನ ಹತ್ತಿ ಪೇಟೆಯಿಂದ ಬರುತ್ತಿದ್ದ ದರದ ಅಂಕಿಗಳ ಮೇಲೆ ಇಲ್ಲಿ ಪಣ ನಡೆಯುತ್ತಿತ್ತು. ಹಗಲು ಹತ್ತಿ ನೂತವನೇ ರಾತ್ರಿ ಹತ್ತಿಯ ದರದ ಮೇಲೆ ಹಣ ಕಟ್ಟುತ್ತಿದ್ದ. 1961ರಲ್ಲಿ ಆ ಅಂಕಿ ನಿಂತಿತು. ಜೂಜು ನಿಂತಿತೇ? 1962ರಲ್ಲಿ ಕಲ್ಯಾಣ್‌ಜಿ ಭಗತ್ ವರಳಿಯಲ್ಲಿ ಮಟ್ಕಾ ತೆರೆದ. 1964ರಲ್ಲಿ ರತನ್ ಖತ್ರಿ ತನ್ನದೇ ಇನ್ನೊಂದನ್ನು ತೆರೆದ. ಆಗ ಜೂಜು ತಡೆಯುವ ಕಾಯ್ದೆ ಇರಲಿಲ್ಲವೆಂದಲ್ಲ. 1887ರ ಕಾಯ್ದೆ ಇತ್ತು, ಅದಕ್ಕೆ ಎಪ್ಪತ್ತು ವರ್ಷ ಮೀರಿತ್ತು. ಆದರೂ ಗಿರಣಿಗಾಂವದ ಚಾಳು ಚಾಳಿನಲ್ಲಿ ಚೀಟಿ ಬರೆಯುವವರಿದ್ದರು. ಮುಂದೆ ಪೊಲೀಸರ ದಾಳಿಗಳಿಂದ ಮಟ್ಕಾ ಕುಗ್ಗಿದ್ದು ಉಂಟು. ಆದರೆ 1982ರ ಜನವರಿ 18ರಂದು ಆರಂಭವಾದ ಮುಷ್ಕರದ ನಂತರ ಗಿರಣಿಗಳ ಭೋಂಗಾ ಒಂದೊಂದಾಗಿ ನಿಂತು, ಕಟ್ಟಲು ಕಾರ್ಮಿಕರ ಕೈಯಲ್ಲಿ ಸಂಬಳವೇ ಇಲ್ಲದಂತಾದದ್ದೂ ಅದಕ್ಕೆ ಕಾರಣ. ಕಾಯ್ದೆ ಮಾಡಲಾರದ್ದನ್ನು ಹಸಿವು ಮಾಡಿತು. ಆ ಬಗೆಯ ಗೆಲವು ನಮಗೆ ಮತ್ತೆ ಬೇಡ.

ಆದುದರಿಂದ ನಮ್ಮ ಸೂಚನೆಗಳು ಹೀಗಿವೆ.

ಮೊದಲನೆಯದು, ಸೋತವನನ್ನು ಹೀಯಾಳಿಸಬೇಡಿ. ಮೊಬೈಲಿನ ಆಟದ ದೊಡ್ಡ ಬಲ ಗುಟ್ಟು. ನಾಚಿಕೆಯಿಂದ ಮುಚ್ಚಿಟ್ಟವನು ಹೋದ ಹಣ ಹಿಡಿಯಲು ಮತ್ತೆ ಆಡುತ್ತಾನೆ, ಸಾಲ ಮಾಡುತ್ತಾನೆ. ಖೋಲಿಯ ಹಿರಿಯಣ್ಣನೊಬ್ಬ “ಎಷ್ಟು ಹೋಯಿತೋ ತಮ್ಮಾ, ಹೇಳು” ಎಂದು ಮೆಲ್ಲನೆ ಕೇಳಿದರೆ ಅರ್ಧ ಕಾಯಿಲೆ ವಾಸಿ.

ಎರಡನೆಯದು, ಆಡುತ್ತಿರುವವರು ಕಳೆದ ಆರು ತಿಂಗಳ ಬ್ಯಾಂಕಿನ ಲೆಕ್ಕ ತೆಗೆದು, ಹೋದದ್ದು ಒಂದು ಕಡೆ, ಬಂದದ್ದು ಒಂದು ಕಡೆ ಬರೆದು ಕೂಡಿಸಲಿ. ಉಪದೇಶಕ್ಕಿಂತ ಆ ಎರಡು ಮೊತ್ತಗಳು ಚೆನ್ನಾಗಿ ಮಾತಾಡುತ್ತವೆ. ಕೂಡಿಸಲು ಬಾರದವರಿಗೆ ಸಂಘದ ಯುವಕರು ನೆರವಾಗಲಿ. ಲೆಕ್ಕ ಅವರ ಬಾಯಿಂದ ಹೊರಗೆ ಹೋಗಕೂಡದು.

ಮೂರನೆಯದು, ಹೊಟೇಲು ಮಾಲಕರಿಗೆ. ಹುಡುಗರು ಮೊಬೈಲಿಗೆ ಅಂಟಿಕೊಂಡರೆಂದು ದೂರುವ ಮೊದಲು ಅವರಿಗೆ ವಾರದ ರಜೆ ಸರಿಯಾಗಿ ಸಿಗುತ್ತದೆಯೇ, ಮಲಗುವ ಜಾಗದಲ್ಲಿ ಗಾಳಿ ಬೆಳಕು ಇದೆಯೇ, ಸಂಜೆ ಕಳೆಯಲು ಒಂದು ಕೇರಂ ಹಲಗೆಯಾದರೂ, ಒಂದು ಕನ್ನಡ ಪತ್ರಿಕೆಯಾದರೂ ಇದೆಯೇ ನೋಡಿರಿ. ಹಿಂದೆ ನಮ್ಮವರನ್ನು ರಾತ್ರಿ ಶಾಲೆಗಳು ಜೂಜಿನಿಂದ ಉಳಿಸಿದವು. ಇಂದಿನ ಹುಡುಗನಿಗೆ ನಾವು ಏನು ಕೊಟ್ಟಿದ್ದೇವೆ?

ನಾಲ್ಕನೆಯದು, ನಮ್ಮ ಪತ್ತಿನ ಸಹಕಾರಿ ಸಂಘಗಳಿಗೆ. ಸಾಲದ ಆ್ಯಪ್‌ಗಳ ಬಾಯಿಗೆ ಬಿದ್ದವನಿಗೆ ಸಣ್ಣ ಬಡ್ಡಿಯ ಸಾಲ ಕೊಟ್ಟು ಬಿಡಿಸುವ ಕ್ರಮ ಬೇಕು. ಹಣವನ್ನು ಅವನ ಕೈಗೆ ಕೊಡದೆ ನೇರವಾಗಿ ಸಾಲಕ್ಕೆ ಜಮೆ ಮಾಡಿ, ಮನೆಯವರಿಗೂ ತಿಳಿಸಿ, ಸಂಬಳದಲ್ಲಿ ಕಂತು ಮುರಿಯಲಿ.

ಐದನೆಯದು, ಸರಕಾರಕ್ಕೆ. ಈ ಆಟಗಳಿಂದ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆಂಬ ಅಂದಾಜನ್ನು ಕಾಯ್ದೆ ತಂದಾಗ ಸರಕಾರವೇ ಹೇಳಿತು. ಹಾಗಿದ್ದರೆ ಕಾಗದದ ಕಾಯ್ದೆ ಸಾಲದು. ಹೊರದೇಶದ ಮೇಜುಗಳಿಗೆ ಇಲ್ಲಿಂದ ಹಣ ಸಾಗಿಸುವ ದಲ್ಲಾಳಿಗಳನ್ನು ಹಿಡಿಯಬೇಕು. ಕ್ಯಾಸಿನೊಗಳ ಹೊಳೆವ ದೀಪಗಳನ್ನು ಬಿಟ್ಟು ಖೋಲಿಯ ಮಂದ ಬೆಳಕಿನ ಮೇಲೆ ಮಾತ್ರ ಕಣ್ಣಿಡುವುದೂ ನ್ಯಾಯವಲ್ಲ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊಗೆ 40 ಪ್ರತಿಶತ ತೆರಿಗೆ ಹಾಕಿ ಬೊಕ್ಕಸ ತುಂಬಿಸಿಕೊಳ್ಳುವ ಸರಕಾರ, ಆ ಹಣದಲ್ಲಿ ಒಂದಂಶವನ್ನು ಜೂಜಿನ ಚಟ ಬಿಡಿಸುವ ಚಿಕಿತ್ಸೆಗೆ ತೆಗೆದಿಡಲಿ.

ಇವೆಲ್ಲ ಆಗುವವರೆಗೆ ಎರಡು ಸಂಖ್ಯೆಗಳನ್ನು ಖೋಲಿಯ ಗೋಡೆಯ ಮೇಲೆ ಬರೆದಿಡಿ. ಹಣದ ಮೋಸಕ್ಕೆ ಸಿಲುಕಿದರೆ ಕೂಡಲೇ 1930. ಚಟ ಬಿಡಲಾಗದೆ, ಸಾಲದ ಭಾರದಿಂದ ಮನಸ್ಸು ಕುಸಿದರೆ 14416. ಅದು ಸರಕಾರದ ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು.

ಬಂಧುಗಳೇ, ಪ್ರಶ್ನೆ ಕೇಳಿದವರಿಗೆ ಮತ್ತೊಮ್ಮೆ ಹೇಳುತ್ತೇವೆ. ಹಡಗಿನಲ್ಲಿ ಆಡುವ ಸಾಹುಕಾರನು ಧರ್ಮಾತ್ಮನೇನಲ್ಲ. ಆದರೆ ಅವನು ಸೋತರೆ ಮಾರಲು ಇನ್ನೊಂದು ಕಟ್ಟಡವಿದೆ. ನಾವು ಸೋತರೆ ಹೋಗುವುದು ಊರಿನಲ್ಲಿ ಕಾದಿರುವ ತಾಯಿಯ ಔಷಧ, ತಂಗಿಯ ಮದುವೆ, ಮಗನ ಶಾಲೆಯ ಫೀಸು. ಅವನ ಪಣಕ್ಕೂ ನಮ್ಮ ಪಣಕ್ಕೂ ಅಂಕಿಯಲ್ಲಿ ವ್ಯತ್ಯಾಸವಿರಬಹುದು; ತೂಕದಲ್ಲಿ ನಮ್ಮದೇ ಹೆಚ್ಚು. ಬೆವರಿನಿಂದ ಬಂದ ಹಣಕ್ಕೆ ಬಾಗಿಲೂ ಬೀಗವೂ ಬೇಕು. ಕಂಪನಿಯವರು ತೆಗೆದುಹಾಕಿದ ಆ ಬಾಗಿಲನ್ನು ನಾವೇ ನಮ್ಮ ಖೋಲಿಗಳಲ್ಲಿ, ನಮ್ಮ ಸಂಘದಲ್ಲಿ ಮತ್ತೆ ಕೂರಿಸೋಣ.